ಹಲಸಿನ ಸಸಿಗೆ ಹೇಳಿದ ಹೆಸರು

ತಮ್ಮನ ಕೂಸಿನ ಕಿವಿಯಲ್ಲಿ ಹೆಸರು ಹೇಳಲು ನಾನು ತೊಟ್ಟಿಲಿಗೆ ಬಾಗಿದ್ದೇ ತಡ, ತಮ್ಮನ ಹೆಂಡತಿಯ ಅಜ್ಜಿ ಆ ಕಿವಿಯನ್ನು ಅಂಗೈಯಿಂದ ಮುಚ್ಚಿಬಿಟ್ಟರು.

"ಆ ಹೆಸರು ಗಿಡಕ್ಕ ಹೇಳವ್ವಾ. ಕರಿಯಾಕ ಬಂದವರು ಅದನ್ನ ಕರ್ಕೊಂಡು ಹೋಗ್ಲಿ. ಇದು ಬರೇ ಕಲ್ಲು, ನಮ್ಮ ಕಲ್ಯಾ."

ಇದಕ್ಕೂ ಮೊದಲು ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ. ಅದಕ್ಕೇ ಹೆಸರಿಡಲು ಬೆಳಗಾವಿಯಿಂದ ಖಾನಾಪುರಕ್ಕೆ ಬರುವಾಗ ದೇಸೂರಿನ ನರ್ಸರಿಯಲ್ಲಿ ಗಟ್ಟಿಮುಟ್ಟಾದ ಹಲಸಿನ ಸಸಿಯನ್ನೇ ಉಡುಗೊರೆಗೆ ಆರಿಸಿ, ತೊಟ್ಟಿಲ ಪಕ್ಕ ಇಟ್ಟಿದ್ದೆ. ಹೆಸರಿಡುವುದು ಸೋದರತ್ತೆಯ ಹಕ್ಕು. ಮೇಲಾಗಿ ನಾನು ಸಾಲಿಯಲ್ಲಿ ವಿಜ್ಞಾನ ಕಲಿಸುವವಳು. ಸಿಟ್ಟು ಬಂತು. ಆದರೆ ಸುತ್ತ ನಿಂತ ಹೆಂಗಸರು ಒಬ್ಬರೂ ನಗಲಿಲ್ಲ. ನಾಚಿಕೊಂಡೇ ಸಸಿಗೆ ಬಾಗಿ ಹೆಸರು ಪಿಸುಗುಟ್ಟಿದೆ. ಗಾಳಿಯಿಲ್ಲದ ಕೋಣೆಯಲ್ಲಿ ಒಂದು ಎಲೆ ನನ್ನ ತುಟಿಗೆ ತಾಗಿತು.

ಮರುದಿನ ಬೆಳಗಾವಿಗೆ ತಮ್ಮನ ಫೋನು ಬಂತು. "ಅಕ್ಕಾ, ಗಿಡ ಪೂರಾ ಒಣಗೈತಿ. ನಿನ್ನೆ ಹಸರ ಇತ್ತಲ್ಲ?"

"ಕೂಸು?" ಎಂದೆ. ಹಿಂದಿನಿಂದ ಅದು ಹಾಲಿಗಾಗಿ ಅಳುವುದು ಕೇಳಿಸಿತು.

ನೀರು ಹೆಚ್ಚಾಗಿತ್ತೋ, ಬೇರು ಕೊಳೆತಿತ್ತೋ ಎಂದು ನಾನು ಕೇಳಲಿಲ್ಲ. ಕಲ್ಯಾ ಈಗ ಅಂಗಳದಲ್ಲಿ ಓಡಾಡುತ್ತಾನೆ. ನಾನೇ ಆರಿಸಿದ್ದ ಆ ಹೆಸರನ್ನು ಅವತ್ತಿನಿಂದ ಬಾಯಿಬಿಟ್ಟು ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.