ಗಣಪತಿಯಿಂದಲೇ ಶುರು

ಅರಸೀಕೆರೆಯ ರಾಣಿ ಟೀಚರ್‌ಗೆ ಗಟ್ಟಿಯಾಗಿ ಓದುವವರನ್ನು ಕಂಡರೆ ಮೈಯೆಲ್ಲ ಉರಿ. ಅಂಥವರ ಸ್ವಂತ ತಮ್ಮ ಸತೀಶನೇ ಬೀದಿಗೆಲ್ಲ ಕೇಳುವ ಹಾಗೆ ಓದುವವನು. ಕೆಲವರಿಗೆ ದೇವರು ಶತ್ರುವನ್ನು ದೂರ ಹುಡುಕುವ ಕಷ್ಟ ಕೊಡುವುದಿಲ್ಲ, ಒಂದೇ ತೊಟ್ಟಿಲಲ್ಲಿ ತೂಗಿ ಕೊಡುತ್ತಾನೆ.

ಆ ಬೀದಿಯಲ್ಲಿ ಓದನ್ನು ಅಳೆಯುವುದು ಕಿವಿಯಿಂದ. ಬೆಳಗಿನ ಜಾವ ಯಾವ ಮನೆಯಿಂದ ಸದ್ದು ಜಾಸ್ತಿ ಬರುತ್ತದೋ ಆ ಮನೆಯ ಮಗ ಬುದ್ಧಿವಂತ. ಸದ್ದು ನಿಂತರೆ ಒಳಗಿನಿಂದ ತಾಯಿಯ ಕೂಗು, ಯಾಕೋ ನಿದ್ದೆ ಬಂತಾ ಅಂತ. ಎದುರುಮನೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನವರಂತೂ ಜಗಲಿಯ ಮೇಲೆ ಕೂತು, ಸತೀಶ ಓದುವುದನ್ನು ಸುಪ್ರಭಾತದ ಹಾಗೆ ಕೇಳಿ ತಲೆದೂಗುತ್ತಿದ್ದರು. ಕೊಬ್ಬರಿಯನ್ನಾದರೂ ಅವರು ಒಡೆದು ನೋಡಿ ಕೊಳ್ಳುತ್ತಾರೆ, ವಿದ್ಯೆಯನ್ನು ಸದ್ದು ಕೇಳಿಯೇ ಕೊಂಡುಬಿಡುತ್ತಾರೆ ಎಂದು ರಾಣಿ ಟೀಚರ್ ಮೂಗು ಮುರಿಯುತ್ತಿದ್ದರು.

ಅವರು ಸುಮ್ಮನೆ ಮೂಗು ಮುರಿಯುವವರಲ್ಲ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಲೇ ಅಂಚೆ ತೆರಪಿನ ಶಿಕ್ಷಣದಲ್ಲಿ ಎಂ.ಎಡ್. ಕಟ್ಟಿದ್ದರು. ಮನುಷ್ಯ ಕಲಿಯುವುದು ಹೇಗೆ ಅನ್ನುವುದೇ ಅವರ ಪ್ರಬಂಧ. ಒಂದು ಸೆಕ್ಷನ್ನಿಗೆ ಅದೇ ಪಾಠವನ್ನು ಮತ್ತೆ ಮತ್ತೆ ಓದಿಸಿದರು. ಇನ್ನೊಂದಕ್ಕೆ ಒಮ್ಮೆ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟನ್ನು ಹೇಳಿಸಿದರು. ವಾರ ಬಿಟ್ಟು ಕೇಳಿದರೆ, ಎಲ್ಲ ಬರುತ್ತೆ ಮಿಸ್ ಅಂತ ಕೈ ಎತ್ತಿದ ಓದುವ ಸೈನ್ಯ ಬಾಯಿ ಬಿಟ್ಟುಕೊಂಡು ನಿಂತಿತು. ತಡವರಿಸಿ ಬೈಸಿಕೊಂಡಿದ್ದ ಸೆಕ್ಷನ್ನೇ ಉತ್ತರ ಹೇಳಿತು. ಅದನ್ನು ಹೆಡ್‌ಮಾಸ್ಟರಿಗೆ ತೋರಿಸಿದರೆ ಆ ಮಹಾನುಭಾವರು, ನಿಮ್ಮ ಕ್ಲಾಸಲ್ಲಿ ಸದ್ದೇ ಇರಲ್ಲವಲ್ಲ ಅಂತ ಪೇರೆಂಟ್ಸ್ ಕೇಳ್ತಾರೆ ಎಂದರು.

ಸತೀಶನದು ತೊಂಬತ್ತೆಂಟನೇ ಇಸವಿಯ ಕತೆ. ಹಳೇಬೀಡಿನಲ್ಲಿ ಗೈಡ್ ಆಗುವುದು ಅವನ ಆಸೆ. ಬ್ಯಾಡ್ಜ್ ಇಲ್ಲದೆ ಪ್ರವಾಸಿಗಳ ಹಿಂದೆ ಹೋದರೆ ಕಾವಲಿನವರು ಓಡಿಸುತ್ತಿದ್ದರು, ಬ್ಯಾಡ್ಜ್ ಬೇಕಾದರೆ ಪರೀಕ್ಷೆ ಪಾಸಾಗಬೇಕು. ಒಬ್ಬ ಹಳೇ ಗೈಡ್ ಹೇಳಿಕೊಟ್ಟದ್ದನ್ನು ಕುಣಿಯುವ ಗಣಪತಿಯಿಂದ ಶುರುಮಾಡಿ ಗುಡಿಯ ಪೂರ್ತಿ ಸುತ್ತು ಬಾಯಿಪಾಠ ಮಾಡಿದ್ದ. ಮೊದಲ ಸಲ ಪರೀಕ್ಷೆ ಮಾಡಲು ಬಂದ ಇಲಾಖೆಯ ಸಾಹೇಬರು ಕೈಲಾಸ ಎತ್ತುವ ರಾವಣನ ಮುಂದೆ ನಿಲ್ಲಿಸಿ, ಇದರ ಪಕ್ಕದ್ದು ಏನಪ್ಪಾ ಅಂದರು. ಸತೀಶ ಕಣ್ಣು ಮುಚ್ಚಿ ಗಣಪತಿಯಿಂದ ಶುರುಮಾಡಿದ. ಸಾಹೇಬರು ಬಹಳ ಹೊತ್ತು ಕಾದು, ನೀವು ರಾವಣನ ಹತ್ತಿರ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿರುತ್ತೆ ಅಂತ ಮುಂದೆ ನಡೆದರು. ಇನ್ನು ಉಳಿದದ್ದು ಒಂದೇ ಅವಕಾಶ. ಅದೂ ತಪ್ಪಿದರೆ ಷಡಕ್ಷರಪ್ಪನವರ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊಲಿಯುವುದು ಅಂತ ತಾಯಿ ಭಾಗಮ್ಮ ಮಾತಾಡಿ ಬಂದಿದ್ದರು.

ರಾಣಿ ಟೀಚರ್ ತಮ್ಮನನ್ನು ಜಾವಗಲ್ ಮಾರ್ಗದ ಬಸ್ಸಿಗೆ ಹತ್ತಿಸಿ ಹಳೇಬೀಡಿಗೆ ಎಳೆದುಕೊಂಡು ಹೋದರು. ಗುಡಿಯ ಸುತ್ತಲಿನ ಜಗತಿಕಟ್ಟೆ ಹತ್ತಿ ಗೋಡೆಯನ್ನು ಎಡಕ್ಕಿಟ್ಟುಕೊಂಡು ಹೊರಟರೆ ಅವನು ಕಂಬದ ಹಾಗೆ ನಿಂತ.

"ಅಕ್ಕಾ, ಅಪ್ರದಕ್ಷಿಣೆ ಬರಬಾರದು ಕಣೇ."

"ಪೂಜೆನೇ ಇಲ್ದಿರೋ ಗುಡಿ ಕಣೋ ಇದು. ಇಲ್ಲಿ ಯಾವ ದೇವ್ರು ಕೂತ್ಕಂಡು ನಿನ್ ಹಾಜರಿ ತಗೊಳ್ತಾನೆ?"

ಅವನು ಒಪ್ಪಲಿಲ್ಲ. ಈಗಷ್ಟೇ ದಾಟಿದ ವಿಗ್ರಹ ಯಾವುದು ಅಂದರೆ, ಎರಡು ಹೆಜ್ಜೆ ಹಿಂದೆ ಬರುವ ಬದಲು ಇಡೀ ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತಿ ಬಂದು, ಮುಖ ಒರೆಸಿಕೊಂಡು, ಸರಿಯಾದ ಉತ್ತರ ಹೇಳುತ್ತಿದ್ದ. ಮೊದಲು ರಾಣಿ ಟೀಚರ್‌ಗೆ ಇದು ಭಕ್ತಿ ಅನ್ನಿಸಿತು. ಆಮೇಲೆ ಹಿಂದೆಯೇ ಹೋಗಿ ನೋಡಿದರೆ ತುಟಿ ಅಲ್ಲಾಡುತ್ತಿತ್ತು. ಕಳ್ಳ, ದಾರಿಯುದ್ದಕ್ಕೂ ಗಣಪತಿಯಿಂದ ಒಂದೊಂದೇ ಹೇಳಿಕೊಂಡು ಬರುತ್ತಿದ್ದ. ವಿಗ್ರಹಗಳು ಅವನ ತಲೆಯಲ್ಲಿರಲಿಲ್ಲ, ಕಾಲಿನಲ್ಲಿದ್ದವು.

"ನಿಂಗೆ ಬ್ಯಾಡ್ಜ್ ಕೊಡೋ ಬದ್ಲು ಲಾಳ ಹೊಡೀಬೇಕು ಕಣೋ."

ಗುಡಿಯಲ್ಲಿ ಇವನಿಗೆ ಕಲಿಸುವುದು ಆಗದ ಮಾತು ಅಂತ ವಾಪಸು ಕರೆತಂದರು. ಅಲ್ಲಿಂದ ಓದು ಬಂದ್. ಅನ್ನಕ್ಕೆ ಕೈ ಹಾಕಿದಾಗ, ನೀರು ಸೇದುವಾಗ, ರೈಲ್ವೇ ಗೇಟಿನಲ್ಲಿ ನಿಂತಾಗ ಒಂದು ಪ್ರಶ್ನೆ. ರಾವಣನ ಹಿಂದಿನದು ಯಾವುದು, ಗೋವರ್ಧನ ಎತ್ತಿದವನ ಆಚೆ ಯಾರು. ತಪ್ಪಿದರೆ ಅಲ್ಲೇ ಸರಿ ಉತ್ತರ. ಹೇಳಿದರೂ ಸುಮ್ಮನಾಗುತ್ತಿರಲಿಲ್ಲ, ಅವನು ಮರೆತಿರಬೇಕು ಅನ್ನಿಸುವಷ್ಟು ದಿನ ಬಿಟ್ಟು ಅದನ್ನೇ ಮತ್ತೆ ಕೇಳುತ್ತಿದ್ದರು. ಅವನಿಗೆ ಊಟ ಸೇರದಾಯಿತು. ಗೊತ್ತಿದ್ದದ್ದನ್ನೂ ನೀನು ಕೇಳಿ ಕೇಳಿ ಮರೆಸಿಬಿಟ್ಟೆ ಅಂತ ತಟ್ಟೆ ತಳ್ಳಿ ಎದ್ದ. ಗೊತ್ತಿದ್ದರೆ ತಾನೇ ಮರೆಯೋದು ಅಂತ ರಾಣಿ ಟೀಚರ್ ತಟ್ಟೆ ತೊಳೆದಿಟ್ಟರು.

ಬೀದಿಗೆ ಸುದ್ದಿ ಬೇರೆಯೇ ಆಯಿತು. ಸತೀಶನ ಮನೆಯಿಂದ ಸದ್ದಿಲ್ಲ, ಹುಡುಗ ಓದು ಬಿಟ್ಟ. ಷಡಕ್ಷರಪ್ಪನವರು ಜಗಲಿಯಿಂದಲೇ, ಮಂಡಿಯಲ್ಲಿ ದಬ್ಬಳ ತೆಗೆದಿಟ್ಟಿದ್ದೀನಿ, ಯಾವಾಗ ಬರ್ತಾನೆ ಅಂತ ಕೇಳಿದರು. ಭಾಗಮ್ಮ ಮಗಳ ಮುಂದೆ ಸೆರಗು ಬಾಯಿಗಿಟ್ಟುಕೊಂಡು ಕೂತರು.

"ಒಂದೀಟು ಗಟ್ಟಿಯಾಗಿ ಓದ್ಲಿ ಬುಡೇ. ಮಗ ಇದ್ದೂ ಮನೆ ಮಸಾಣ ಆದಂಗೈತೆ."

ರಾಣಿ ಟೀಚರ್ ಬಿಡಲಿಲ್ಲ. ಭಾಗಮ್ಮ ಮಾಲೇಕಲ್ಲು ಬೆಟ್ಟದ ತಿಮ್ಮಪ್ಪನಿಗೆ ಮಗನ ಮುಡಿ ಕೊಡುವ ಹರಕೆ ಹೊತ್ತರು.

ಪರೀಕ್ಷೆಯ ದಿನ ರಾಣಿ ಟೀಚರ್ ಗುಡಿಯ ಮುಂದಿನ ಹುಲ್ಲಿನ ಮೇಲೆ ಕೂತಿದ್ದರು. ಮಾತು ಕೇಳಿಸುತ್ತಿರಲಿಲ್ಲ, ಮುಖ ಮಾತ್ರ ಕಾಣುತ್ತಿತ್ತು. ಸಾಹೇಬರು ಅವನನ್ನು ಗೋಡೆಗೆ ಬೆನ್ನು ಹಾಕಿ ನಿಲ್ಲಿಸಿ ಏನೋ ಕೇಳಿದರು. ಸತೀಶನ ಕಣ್ಣು ಮುಚ್ಚಿಕೊಂಡವು. ಹೋಯಿತು, ಗಣಪತಿಯಿಂದ ಶುರುಮಾಡುತ್ತಾನೆ ಅಂತ ಟೀಚರ್ ಹುಲ್ಲು ಕಿತ್ತರು. ಆದರೆ ಅವನ ಬಾಯಿ ತೆರೆಯಲಿಲ್ಲ. ಸಾಹೇಬರೂ ಕಾದರು. ಆಮೇಲೆ ಎರಡೇ ಮಾತು ಹೇಳಿ ಬಾಯಿ ಮುಚ್ಚಿದ. ಮತ್ತೆ ಪ್ರಶ್ನೆ, ಮತ್ತೆ ಸುಮ್ಮನೆ, ಮತ್ತೆ ಎರಡು ಮಾತು. ತಮ್ಮ ಹುಟ್ಟಿದಾಗಿನಿಂದ ಅವನು ಯೋಚನೆ ಮಾಡುವುದನ್ನು ರಾಣಿ ಟೀಚರ್ ಕಂಡದ್ದು ಅದೇ ಮೊದಲು. ಫಲಿತಾಂಶಕ್ಕೆ ಕಾಯದೆ ಎದ್ದು ಸೀರೆ ಕೊಡವಿಕೊಂಡರು.

ಬ್ಯಾಡ್ಜ್ ಬಂತು. ಬೀದಿಯವರು ತಕ್ಷಣ ಕಾರಣವನ್ನೂ ಕಂಡುಕೊಂಡರು. ಅಷ್ಟು ವರ್ಷ ಗಟ್ಟಿಯಾಗಿ ಓದಿದ್ದು ಸುಮ್ಮನೆ ಹೋಗುತ್ತಾ, ಎಂದರು ಷಡಕ್ಷರಪ್ಪನವರು. ತಿಮ್ಮಪ್ಪ ಕಣ್ಣು ಬಿಟ್ಟ, ಎಂದರು ಭಾಗಮ್ಮ. ಗೆಲುವಿನ ಪಾಲು ಹಂಚುವಾಗ ರಾಣಿ ಟೀಚರ್ ಹೆಸರು ಯಾರ ಬಾಯಿಗೂ ಬರಲಿಲ್ಲ. ಹರಕೆಗೆ ಮಾತ್ರ ಅವರೂ ಬೆಟ್ಟ ಹತ್ತಬೇಕಾಯಿತು, ಹೂಬುಟ್ಟಿ ಹೊತ್ತು.

ಮುಡಿ ಕೊಟ್ಟು, ನುಣ್ಣಗಿನ ತಲೆಗೆ ಗಂಧ ಬಳಿದುಕೊಂಡು ಸತೀಶ ಇಳಿಯುತ್ತಿದ್ದ. ತಾಯಿ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಮಗ ಗಂಟಲು ಹರಿದುಕೊಂಡು ಓದಿದ ಕತೆ ಹೇಳುತ್ತಿದ್ದರು, ಅವನು ಹೂಂಗುಟ್ಟುತ್ತಿದ್ದ. ರಾಣಿ ಟೀಚರ್ ಬೇಕೆಂದೇ ಹಿಂದೆ ಉಳಿದರು. ಅವನೂ ಪಂಚೆ ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತ.

"ಅಕ್ಕಾ, ಬೇಲೂರಿನ ಗುಡೀದೂ ಪರೀಕ್ಷೆ ಐತಂತೆ. ಅಂಗೇ ಪ್ರಶ್ನೆ ಕೇಳ್ತೀಯೇನೇ?"

"ಅಮ್ಮನ ಮುಂದೆ ಕೇಳು ಅದನ್ನ."

ಸತೀಶ ಕೆಳಗೆ ನೋಡಿದ. ಭಾಗಮ್ಮ ಇನ್ನೂ ಯಾರಿಗೋ ಹೇಳುತ್ತಲೇ ಇದ್ದರು. ಅವನು ಬೋಳು ತಲೆ ಸವರಿಕೊಂಡ.

"ಅಷ್ಟು ಹೇಳೋಕೂ ಗಂಟಲಿಲ್ವಾ?" ಎಂದು ರಾಣಿ ಟೀಚರ್ ಹೂಬುಟ್ಟಿಯನ್ನು ಅವನ ತಲೆಯ ಮೇಲಿಟ್ಟು, ಮೆಟ್ಟಿಲಿಳಿಯುತ್ತ, ರಾವಣನ ಹಿಂದಿನದು ಯಾವುದು ಅಂತ ಕೇಳಿದರು.