ತೂಕ ನೋಡಿ ಅಳಿಸಿದ ಅಕ್ಷರ

ತಿಪಟೂರಿನ ಗಂಗಾಧರಯ್ಯನವರು ಅಟ್ಟದಲ್ಲಿ ಒಣಗಲು ಹಾಕಿದ ತೆಂಗಿನಕಾಯನ್ನು ಕೈಯಲ್ಲಿ ತೂಗಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆಯದೆಯೇ ಒಳಗಿನ ಹದ ಹೇಳುತ್ತಿದ್ದರು. ಭಾರವಾದದ್ದರಲ್ಲಿ ಇನ್ನೂ ನೀರಿದೆ, ಹಗುರವಾದದ್ದು ಒಣಗಿ ಉಂಡೆ ಕೊಬ್ಬರಿಯಾಗಿದೆ. ಕೊಬ್ಬರಿ ಮಂಡಿಯಲ್ಲಿ ಈ ಲೆಕ್ಕ ಎಂದೂ ಕೈಕೊಟ್ಟಿರಲಿಲ್ಲ. ಮಂಡಿಯನ್ನು ಮಗನಿಗೆ ಬಿಟ್ಟು ಎರಡು ಸಾವಿರದ ನಾಲ್ಕರಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ತೆರೆದಾಗ, ಆ ಲೆಕ್ಕವನ್ನೂ ಜೊತೆಗೇ ತಂದರು.

ಅಂಗಡಿಯ ಮೂರು ಕಂಪ್ಯೂಟರಿಗೂ ಲಿನಕ್ಸ್ ಹಾಕಿದವಳು ತಮ್ಮನ ಮಗಳು ವರ್ಷಿಣಿ. ಫಾಂಟುಗಳನ್ನೆಲ್ಲ ಒಂದೇ ಫೋಲ್ಡರಿನಲ್ಲಿಟ್ಟು ಮೂರಕ್ಕೂ ಹಂಚಿದ್ದಳು.

"ಮನೆಗೆಲ್ಲ ಒಂದೇ ಅಟ್ಟ ಇದ್ದಂಗೆ, ದೊಡ್ಡಪ್ಪ."

"ಹಂಗಾದ್ರೆ ಏಣಿ ನನ್ನತ್ರ ಇರ್ಲಿ" ಎಂದು ಗಂಗಾಧರಯ್ಯನವರು ಪಾಸ್‌ವರ್ಡ್ ಇಸಿದುಕೊಂಡರು.

ಆ ಅಟ್ಟಕ್ಕೆ ಸೇರಬೇಕಾದ ಫಾಂಟು ಇನ್ನೊಂದಿತ್ತು. ನೊಣವಿನಕೆರೆಯ ಕರಿಬಸವಯ್ಯ ಸುತ್ತಮುತ್ತಲ ಅಂಗಡಿ ಬೋರ್ಡುಗಳನ್ನೆಲ್ಲ ಬರೆದ ಮುದುಕ. ಈಗ ಕೈ ನಡುಗಿ ಕುಂಚ ಬಿಟ್ಟಿದ್ದ. ಅವನ ಹಳೆಯ ಅಕ್ಷರದ ಹಾಳೆಗಳು ಗೆದ್ದಲಿಗೆ ಹೋಗುವ ಮೊದಲು ವರ್ಷಿಣಿ ಸ್ಕ್ಯಾನ್ ಮಾಡಿ, ಅವುಗಳಿಂದ ಫಾಂಟು ಮಾಡಿದಳು. ಮೊಮ್ಮಗಳ ಲಗ್ನಪತ್ರಿಕೆ ತನ್ನ ಅಕ್ಷರದಲ್ಲೇ ಬರಬೇಕೆಂದು ಮುದುಕನ ಆಸೆ. ದಿನಾ ತಿದ್ದುವುದಿತ್ತಲ್ಲ, ಅಸಲು ಫೈಲನ್ನು ಅವಳು ತನ್ನ ಫೋಲ್ಡರಿನಲ್ಲೇ ಇಟ್ಟುಕೊಂಡು, ಹಂಚಿದ ಫೋಲ್ಡರಿನಲ್ಲಿ ಅದೇ ಹೆಸರಿನಲ್ಲಿ ಅದರ ದಾರಿ ತೋರಿಸುವ ಕೊಂಡಿಯನ್ನಷ್ಟೇ ಇಟ್ಟಿದ್ದಳು. ಎಲ್ಲವನ್ನೂ ಸಿ.ಡಿ.ಗೆ ಹಾಕಿಡೋಣವೆಂದರೆ ಗಂಗಾಧರಯ್ಯನವರು, "ಮುಂದಿನ ಸಂತೆಗೆ ನೋಡಾನ ಬುಡು" ಎಂದಿದ್ದರು.

ವರ್ಷಿಣಿ ತುರುವೇಕೆರೆಗೆ ಹೋಗಿದ್ದ ದಿನ ಕಂಪ್ಯೂಟರು ಜಾಗ ಸಾಲದೆಂದು ತಕರಾರು ತೆಗೆಯಿತು. ಯಜಮಾನರು ಪಾಸ್‌ವರ್ಡ್ ಹಾಕಿ ತಾವೇ ಆ ಅಟ್ಟ ಹತ್ತಿದರು. ಒಂದೇ ಹೆಸರಿನ ಫೈಲು ಎರಡು ಕಡೆ! ಒಂದು ಭಾರ, ಒಂದು ಹಗುರ. ಹಗುರವಾದದ್ದೇ ಪಕ್ಕಾ ಮಾಲು ಎಂದು ಉಳಿಸಿಕೊಂಡರು. ಭಾರವಾದದ್ದನ್ನು ಅದರ ಫೋಲ್ಡರಿನ ಸಮೇತ, ಸ್ಕ್ಯಾನ್ ಮಾಡಿದ ಹಾಳೆಗಳ ಸಮೇತ, ಅಳಿಸಿ ಕೈ ಝಾಡಿಸಿಕೊಂಡರು.

ಮಾರನೆಯ ದಿನ ವರ್ಷಿಣಿ ಕಂಪ್ಯೂಟರಿನಲ್ಲಿ ಮುದುಕನ ಮೊಮ್ಮಗಳ ಪತ್ರಿಕೆ ತೆರೆದರೆ ಅಕ್ಷರವಿದ್ದಲ್ಲೆಲ್ಲ ಬರೀ ಚೌಕಗಳು.

"ಏನ್ ಅಳ್ಸಿದ್ರಿ ದೊಡ್ಡಪ್ಪ?"

ಹೇಳಿದರು. "ನೀವು ಉಳಿಸ್ಕೊಂಡಿರೋದು ಬರೀ ಕೊಂಡಿ ದೊಡ್ಡಪ್ಪ, ಅಸಲೇ ಹೋಯ್ತು" ಎಂದಳು ವರ್ಷಿಣಿ. ಮೂಲ ಹಾಳೆಗಳನ್ನು ಅಷ್ಟರಲ್ಲಿ ಗೆದ್ದಲು ತಿಂದಿತ್ತು. ತಿಳಿದವರನ್ನು ಕರೆಸಿ ಹುಡುಕಿಸಿದರೂ ಏನೂ ಸಿಗಲಿಲ್ಲ.

ಕರಿಬಸವಯ್ಯ ಬಂದಾಗ ಗಂಗಾಧರಯ್ಯನವರು ಎದ್ದು ನಿಂತು ಎಲ್ಲವನ್ನೂ ಹೇಳಿ, ಕುಂಚ, ಮಸಿ ಮುಂದಿಟ್ಟರು. "ಇನ್ನೊಂದ್ಸಲ ಬರ್ಕೊಡ್ರಿ ಕರಿಬಸವಯ್ಯೋರೆ. ನಿಧಾನ್ಕೆ ಆಗ್ಲಿ."

ಮುದುಕ ಒಂದು 'ಶ್ರೀ' ಬರೆದ. ಗೆರೆ ಎರಡು ಕಡೆ ಸೊಟ್ಟ ಹೋಯಿತು. ಅದನ್ನು ನೋಡಿ ನಕ್ಕ. "ಸಾವ್ಕಾರ್ರೇ, ಇದ ನೋಡಿದ್ರೆ ಗಂಡಿನ್ ಕಡೆಯೋರು ಹೆಣ್ಣು ಬ್ಯಾಡ ಅಂತಾರೆ. ಕಂಪ್ಯೂಟರ್ದೇ ಹಾಕ್ಬುಡಿ."

ಪತ್ರಿಕೆ ಊರಿನ ಎಲ್ಲ ಪತ್ರಿಕೆಗಳಂತೆಯೇ ಅಚ್ಚಾಯಿತು. ಮದುವೆಯ ದಿನ ಬೀಗರು ಅದನ್ನು ಹಿಡಿದು, "ಅಕ್ಷರ ಬಲು ಚೆನ್ನಾಗವೆ, ನಿಮ್ದೇನಾ?" ಎಂದು ಕೇಳಿದರು. ಕರಿಬಸವಯ್ಯ ಪಂಕ್ತಿಯಲ್ಲಿ ಕೂತಿದ್ದ ಗಂಗಾಧರಯ್ಯನವರ ಕಡೆ ಒಮ್ಮೆ ನೋಡಿದ.

"ಹೂಂ ಕಣ್ರೀ, ನಂದೇ" ಎಂದ.

ಗಂಗಾಧರಯ್ಯನವರು ತಲೆ ತಗ್ಗಿಸಿ ಎಲೆಯ ಮೇಲಿನ ಅನ್ನವನ್ನು ಕಲಸಿದರು, ಕಲಸುತ್ತಲೇ ಇದ್ದರು.