ಅಲ್ಲಾಡದ ಗಿರಾಕಿಗಳು

ಹುಣಸೂರಿನ ಬೀದಿಯಲ್ಲಿ ನಾನು ಎದುರಾದರೆ ಜನ ಆಚೆ ಬದಿಗೆ ಸರಿದುಕೊಳ್ಳುತ್ತಾರೆ. ನಾನು ಜಗಳಗಂಟನಲ್ಲ, ಅಂಟುಜಾಡ್ಯದವನೂ ಅಲ್ಲ. ಫೋಟೋ ತೆಗೆಯುವವನು, ಅಷ್ಟೆ. ಕೈಯಲ್ಲಿ ಪೆಟ್ಟಿಗೆ ಇಲ್ಲದ ದಿನ ಅದೇ ಜನ ನಕ್ಕು ಮಾತಾಡಿಸುತ್ತಾರೆ, ಕೂರಿಸಿ ಎಲೆ ಅಡಿಕೆ ಕೊಡುತ್ತಾರೆ. ಕ್ಯಾಮೆರಾ ಪೆಟ್ಟಿಗೆಯನ್ನೂ ಅದರ ಮೂರು ಕಾಲಿನ ಸ್ಟ್ಯಾಂಡನ್ನೂ ಹೊತ್ತು ಹೊರಟೆನೋ, ‘ಯಾರ ಮನೇಲಂತೆ?’ ಎಂದು ಪಿಸುಗುಟ್ಟುತ್ತಾರೆ. ಅವರದು ತಪ್ಪು ಎನ್ನುವಂತಿಲ್ಲ. ನನ್ನನ್ನು ಕರೆಸುವುದೇ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ.

ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಆಯುಸ್ಸೇ ಮುಗಿದವರಿಗೆ ಆ ಭಯವಿಲ್ಲವಲ್ಲ. ಹಾಗಾಗಿ ಬದುಕಿದ್ದಷ್ಟು ದಿನ ನನ್ನ ಅಂಗಡಿಯ ಮೆಟ್ಟಿಲು ತುಳಿಯದವರನ್ನು, ಕೊನೆಯ ದಿನ ಸ್ನಾನ ಮಾಡಿಸಿ, ಹೂವು ಹಾಕಿ, ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿ, ನನಗೆ ಹೇಳಿಕಳಿಸುತ್ತಾರೆ. ರಾವಂದೂರಿನಿಂದ ಹಂಪಾಪುರದವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ನನ್ನ ಕೈಕೆಲಸ ತೂಗುತ್ತಿದೆ, ಎಲ್ಲವೂ ಕಣ್ಣು ಮುಚ್ಚಿದ ಮುಖಗಳು. ಮೈಸೂರಿನಲ್ಲಿ ನನಗೆ ಈ ವಿದ್ಯೆ ಕಲಿಸಿದ ಯಜಮಾನರು, ಗಿರಾಕಿಗಳು ಕೆಮ್ಮುತ್ತಾರೆ, ರೆಪ್ಪೆ ಬಡಿಯುತ್ತಾರೆ ಎಂದು ದಿನವೂ ರೇಗಾಡುತ್ತಿದ್ದರು. ನನಗೆ ಆ ಕಷ್ಟ ಒಂದು ದಿನವೂ ಬರಲಿಲ್ಲ.

ಯೋಚಿಸಿದರೆ ಇದು ಫೋಟೋ ಬಂದ ಮೇಲೆ ಹುಟ್ಟಿದ ಪದ್ಧತಿಯಲ್ಲ. ನಮ್ಮ ಊರುಗಳ ಮುಂದೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಹಸು ಕಾಯಲು ಹೋಗಿ ಕಳ್ಳರ ಕೈಯಲ್ಲಿ ಸತ್ತವನಿಗೆ ಮೀಸೆ, ಕತ್ತಿ, ಕೊನೆಗೆ ಅಪ್ಸರೆಯರ ಸಮೇತ ಕಲ್ಲು ಕೆತ್ತಿಸಿದ್ದಾರೆ. ಅವನೇ ಸಾಯದೆ ಹಸು ಬಿಡಿಸಿಕೊಂಡು ಮನೆಗೆ ಬಂದಿದ್ದರೆ ಒಂದು ಜಲ್ಲಿಕಲ್ಲೂ ಸಿಗುತ್ತಿರಲಿಲ್ಲ. ಈ ನಾಡಿನಲ್ಲಿ ಸಾಮಾನ್ಯನಿಗೆ ಒಂದು ಚಿತ್ರ ಬೇಕೆಂದರೆ ಅವನು ಮೊದಲು ಸಾಯಬೇಕು. ‘ಮಹಾಸ್ವಾಮಿಯವರ ಪಟ ಮನೆಮನೆಯಲ್ಲೂ ಇದೆ, ಅವರು ಆರೋಗ್ಯವಾಗಿಲ್ಲವೇ?’ ಎಂದು ನಾನು ವಾದ ಹೂಡಿದ್ದುಂಟು. ‘ಅವ್ರು ದೊರೆಗಳು ಕಣ್ರೀ, ಅವ್ರಿಗೆ ದೃಷ್ಟಿ ತಾಕಲ್ಲ’ ಎಂದು ಬಾಯಿ ಮುಚ್ಚಿಸಿದರು.

ಊರವರು ಹೀಗಿದ್ದರೆ ಸಹಿಸಬಹುದಿತ್ತು. ನನ್ನ ಹೆಂಡತಿ ದೇವೀರಮ್ಮನೂ ಹೀಗೇ ಇದ್ದಳು. ಮದುವೆಯಾಗಿ ಹನ್ನೆರಡು ವರ್ಷವಾದರೂ ಕ್ಯಾಮೆರಾ ಇದ್ದ ಕೋಣೆಯಲ್ಲಿ ಅವಳು ಬೆನ್ನು ತಿರುಗಿಸಿಯೇ ಕಸ ಗುಡಿಸುತ್ತಿದ್ದಳು. ನಾನು ಮೊದಲು ನಗುತ್ತಿದ್ದೆ. ಆದರೆ ನಮ್ಮ ಸೀಮೆಯ ಚಳಿಜ್ವರ ಅವಳನ್ನು ಹಿಡಿದ ಮೇಲೆ ನಗು ನಿಂತಿತು. ವರ್ಷಕ್ಕೆರಡು ಸಲ ಬರುತ್ತಿತ್ತು, ಪ್ರತಿ ಸಲವೂ ಅವಳನ್ನು ಒಂದಿಷ್ಟು ಇಳಿಸಿ ಹೋಗುತ್ತಿತ್ತು. ಕೈಬಳೆ ಮೊಣಕೈವರೆಗೆ ಜಾರುವುದನ್ನು ನೋಡುವಾಗ ನನಗೆ ಒಂದೇ ಹೆದರಿಕೆ: ಇವಳ ಮುಖವನ್ನು ನಾನು ಮೊದಲ ಸಲ ತೆಗೆಯುವುದು ಕಂಬಕ್ಕೆ ಒರಗಿಸಿಯೇನೋ. ಒಂದು ದಿನ ಅದನ್ನು ಹೇಗೋ ಸುತ್ತಿಬಳಸಿ ಹೇಳಿ, ಒಂದು ಫೋಟೋಗೆ ಕೂರು ಎಂದು ಗೋಗರೆದೆ.

ಅವಳು ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ. ‘ನಿಮ್ಮ ಪೆಟ್ಟಿಗೆ ಇದುವರ್ಗೂ ಉಸ್ರಾಡೋದು ಒಂದನ್ನೂ ಕಂಡಿಲ್ಲ. ಮೊದ್ಲು ಜೀವ ಇರೋದೊಂದನ್ನ ಅದ್ರಲ್ಲಿ ಇಡ್ಕೊಂಡು ಬನ್ನಿ. ಅದು ಆಮೇಲೂ ಬದುಕಿರ್ಬೇಕು. ಆಗ ಕೂತ್ಕೋತೀನಿ’ ಎಂದಳು.

ನ್ಯಾಯವಾದ ಮಾತು. ನಾನು ಪಕ್ಕದ ಮನೆಯ ಹಸುವಿನಿಂದ ಶುರುಮಾಡಿದೆ. ಹಾಲು ಬತ್ತಿಹೋಗುತ್ತದೆಂದು ಅದರ ಯಜಮಾನಿ ಕೈಯಲ್ಲಿದ್ದ ಪೊರಕೆಯನ್ನೇ ತೋರಿಸಿದಳು. ಬೀದಿನಾಯಿಗೆ ಯಜಮಾನರಿರಲಿಲ್ಲ ನಿಜ, ಆದರೆ ಅದಕ್ಕೆ ತಾಳ್ಮೆಯೂ ಇರಲಿಲ್ಲ. ಕಡೆಗೆ ನನಗೆ ಹುಳುಗಳು ಹೊಳೆದವು. ಹುಳಕ್ಕೆ ಯಜಮಾನನಿಲ್ಲ, ನೆಂಟರಿಲ್ಲ, ದೃಷ್ಟಿಯ ಭಯವಿಲ್ಲ, ಎಲೆಯ ಮೇಲೆ ಗಂಟೆಗಟ್ಟಲೆ ಕೂತಿರುತ್ತದೆ. ಹೀಗೆಂದು ನಾನು ನಂಬಿದ್ದೆ ಎನ್ನುವುದರಿಂದಲೇ ನನಗೂ ಹುಳುಗಳಿಗೂ ಎಷ್ಟು ಪರಿಚಯವಿತ್ತು ಎಂಬುದು ನಿಮಗೆ ತಿಳಿಯಬೇಕು.

ನನ್ನ ಬಳಿ ಏಳು ಗಾಜಿನ ಪ್ಲೇಟುಗಳು ಉಳಿದಿದ್ದವು. ಆರು ಹುಳುಗಳಿಗೆ, ಒಂದು ಅವಳಿಗೆ ಎಂದು ಲೆಕ್ಕ ಹಾಕಿದೆ. ಬೇಸಿಗೆಯ ಒಂದು ಶನಿವಾರ ಬೆಳಿಗ್ಗೆ ಮೋಟಾರು ಬಸ್ಸು ಹತ್ತಿ ಪಿರಿಯಾಪಟ್ಟಣದಲ್ಲಿ ಇಳಿದೆ. ಅಲ್ಲಿಂದ ಕೊಡಗಿನ ಕಡೆಗೆ, ಕಾಡಿನ ಅಂಚಿನಲ್ಲಿ ನನ್ನ ಹೆಂಡತಿಯ ತವರು. ಅವಳ ತಮ್ಮ ಸಿದ್ದಪ್ಪ ಎತ್ತಿನ ಗಾಡಿ ತಂದಿದ್ದ. ಸ್ಟ್ಯಾಂಡನ್ನು ಹುಲ್ಲಿನ ಮೇಲೆ ಮಲಗಿಸಿ, ಅದು ಕಾಣದಂತೆ ಗೋಣಿತಾಟು ಹೊದಿಸಿದೆವು. ಹೊದಿಸಿದ್ದೇ ತಪ್ಪಾಯಿತೇನೋ. ಊರ ಬಾಗಿಲಲ್ಲಿ ನನ್ನ ಮುಖವನ್ನೂ, ಗೋಣಿಯ ಅಡಿಯ ಉದ್ದನೆಯ ಆಕಾರವನ್ನೂ ಕಂಡ ಹೆಂಗಸರು ಬಿಂದಿಗೆ ಕೆಳಗಿಟ್ಟರು.

‘ಯಾರಪ್ಪ ಓದೋರು? ಬೆಳಗ್ಗೆ ಎಲ್ರೂ ಚೆಂದಾಗಿದ್ರಲ್ಲ’ ಎಂದಳು ಒಬ್ಬಳು.

‘ಯಾರೂ ಓಗಿಲ್ಲ ಕಣ್ರವ್ವ. ನಮ್ಮ ಬಾವ ಉಳದ ಪಟ ತಗ್ಯಕ್ಕೆ ಬಂದವ್ರೆ’ ಎಂದ ಸಿದ್ದಪ್ಪ.

ಅವರ ಮುಖದಲ್ಲಿದ್ದ ಭಯ ಹೋಗಿ ಕನಿಕರ ಬಂತು. ಭಯವೇ ವಾಸಿಯಾಗಿತ್ತು. ಎರಡು ಮನೆ ದಾಟುವಷ್ಟರಲ್ಲಿ ಒಬ್ಬ ಗಾಡಿಗೆ ಅಡ್ಡ ಬಂದು ಕೈಮುಗಿದ. ‘ತಪ್ಪು ತಿಳ್ಕೋಬ್ಯಾಡಿ ಸ್ವಾಮಿ. ನಮ್ಮವ್ವ ಮೂರು ದಿನದಿಂದ ಮಲಗವ್ಳೆ. ಒಸಿ ಆ ಕಡೆ ಬೀದೀಲಿ ಓಗ್ಬುಡಿ’ ಎಂದ. ನಾವು ಗಾಡಿ ತಿರುಗಿಸಿದೆವು. ಯಮಧರ್ಮನಿಗೂ ಇಷ್ಟು ಮರ್ಯಾದೆಯಿಂದ ಯಾರೂ ದಾರಿ ತೋರಿಸಿರಲಾರರು.

ಇನ್ನು ಹುಳುಗಳ ವಿಚಾರ. ನನ್ನ ಹಳೆಯ ಕ್ಯಾಮೆರಾದಲ್ಲಿ ಮಸೂರದ ಮುಚ್ಚಳ ತೆಗೆದು, ಮನುಷ್ಯರಿಗಾದರೆ ನಾಲ್ಕು ಎಣಿಸಿ ಮುಚ್ಚಬೇಕು. ಹುಳದಷ್ಟು ಸಣ್ಣದನ್ನು ಹತ್ತಿರದಿಂದ ಹಿಡಿಯಬೇಕಾದರೆ ಎಂಟೋ ಹತ್ತೋ ಎಣಿಸಬೇಕು. ಹತ್ತು ಎಣಿಸುವುದು ಎಷ್ಟು ದೀರ್ಘವಾದ ಕಾಲ ಎಂಬುದು ನನಗೆ ಆ ಶನಿವಾರ ಮಧ್ಯಾಹ್ನದವರೆಗೆ ಗೊತ್ತಿರಲಿಲ್ಲ. ಮೊದಲು ಹಳದಿ ಚಿಟ್ಟೆಯೊಂದು ಬೇಲಿಯ ಹೂವಿನ ಮೇಲೆ ಕೂತಿತು. ಎರಡು ಎಣಿಸುವಾಗಲೇ ಅದಕ್ಕೆ ಬೇರೆಲ್ಲೋ ಕೆಲಸ ನೆನಪಾಯಿತು. ಆಮೇಲೆ ಸೂರ್ಯನ ಕುದುರೆ ಸಿಕ್ಕಿತು. ಕೈಮುಗಿದು ಕೂರುವ ಆ ಹಸಿರು ಹುಳ ನೋಡಲು ಮಹಾ ಸಾಧು, ಆದರೆ ಗಾಳಿ ಇರಲಿ ಬಿಡಲಿ ತೂಗುತ್ತಲೇ ಇರುತ್ತದೆ. ಅದಕ್ಕೆ ಎರಡು ಪ್ಲೇಟು ಸುರಿದೆ.

ಜಾಲಿಯ ಗಿಡದಿಂದ ಸಿದ್ದಪ್ಪ ಒಂದು ಜೀರ್ಜಿಂಬೆ ಹಿಡಿದು ತಂದ. ಬೆಂಕಿಪೊಟ್ಟಣದಲ್ಲಿಟ್ಟು ಸಾಕದ ಮಕ್ಕಳು ನಮ್ಮ ಕಡೆ ಇಲ್ಲ, ಆದ್ದರಿಂದ ಅದರ ಹಸಿರು ಹೊನ್ನಿನ ಬೆನ್ನನ್ನು ನಾನು ವರ್ಣಿಸಬೇಕಾಗಿಲ್ಲ. ಅದು ಕಡ್ಡಿಯ ಈ ತುದಿಯಿಂದ ಆ ತುದಿಗೆ ನಡೆಯಿತು, ತಿರುಗಿತು, ಮತ್ತೆ ನಡೆಯಿತು. ತಾಲೂಕು ಸುತ್ತಲು ಹೊರಟ ಅಮಲ್ದಾರರೂ ಅಷ್ಟು ಓಡಾಡುವುದಿಲ್ಲ. ನನ್ನ ಅವಸ್ಥೆ ನೋಡಲಾರದೆ ಸಿದ್ದಪ್ಪ, ‘ಬಾವ, ಒಂದೇಟು ಮೆತ್ತಗೆ ಕೊಡ್ಲಾ? ಅಲ್ಲಾಡಕ್ಕಿಲ್ಲ’ ಎಂದ. ಸತ್ತದ್ದನ್ನು ತೆಗೆಯುವುದಾದರೆ ನಾನು ಬಸ್ಸು ಹತ್ತಿ ಇಷ್ಟು ದೂರ ಯಾಕೆ ಬರಬೇಕಾಗಿತ್ತು ಎಂದು ಅವನಿಗೆ ವಿವರಿಸುವುದು ಕಷ್ಟವಾಯಿತು. ಅವನ ಅಕ್ಕನ ಷರತ್ತನ್ನು ನಾನು ಅವನಿಗೆ ಹೇಳಿರಲಿಲ್ಲ.

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ಐದು ಪ್ಲೇಟು ಮುಗಿದಿದ್ದವು. ಐದರಲ್ಲೂ ಏನು ಬಂದಿರುತ್ತದೆಂದು ತೊಳೆದು ನೋಡದೆಯೇ ನನಗೆ ಗೊತ್ತಿತ್ತು. ಸಿದ್ದಪ್ಪ ಎತ್ತುಗಳಿಗೆ ನೀರು ಕುಡಿಸಲು ಕೆರೆಗೆ ಹೊಡೆದುಕೊಂಡು ಹೋದ. ನಾನು ಮತ್ತಿಮರದ ಬುಡದಲ್ಲಿ ಕೂತೆ. ತಲೆಯ ಮೇಲೆ ಜೀರುಂಡೆಗಳು ಕಿವಿ ಸೀಳುವಂತೆ ಕೂಗುತ್ತಿದ್ದವು. ಜಗತ್ತಿನಲ್ಲಿ ಜೀವವಿರುವುದೆಲ್ಲ ನನ್ನಿಂದ ತಪ್ಪಿಸಿಕೊಳ್ಳುತ್ತದೆ, ಜೀವ ಹೋದದ್ದು ಮಾತ್ರ ನನಗಾಗಿ ಕಾದು ಕೂರುತ್ತದೆ, ಇದೇ ನನ್ನ ಹಣೆಬರಹ ಎಂದು ನಿಜವಾಗಿಯೂ ಅನ್ನಿಸಿಬಿಟ್ಟಿತು. ಅಷ್ಟರಲ್ಲಿ ಎದೆಯ ಮಟ್ಟಕ್ಕೆ, ತೊಗಟೆಯ ಮೇಲೆ, ಕಂದು ಬಣ್ಣದ ಜೀರುಂಡೆಯೊಂದು ಕಾಲೂರಿ ಕೂತಿರುವುದು ಕಂಡಿತು.

ಉಸಿರು ಬಿಗಿಹಿಡಿದು ಸ್ಟ್ಯಾಂಡು ಹೂಡಿದೆ. ಅದು ಅಲ್ಲಾಡಲಿಲ್ಲ. ಕಪ್ಪು ಬಟ್ಟೆ ಹೊದ್ದು ನೋಡಿದೆ. ಗಾಜಿನಲ್ಲಿ ತಲೆಕೆಳಗಾಗಿ, ಮಬ್ಬಾಗಿ, ಆದರೆ ಆರು ಕಾಲೂ ಎಣಿಸುವಂತೆ ನಿಂತಿತ್ತು. ಮುಚ್ಚಳ ತೆಗೆದು ಹತ್ತಲ್ಲ, ಹನ್ನೆರಡು ಎಣಿಸಿದೆ. ಅದು ಮೀಸೆಯನ್ನೂ ಕುಣಿಸಲಿಲ್ಲ. ಹನ್ನೆರಡು ವರ್ಷದಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟು ಕೂತ ಮೊದಲನೆಯ ಜೀವ ಅದು. ನನಗೆ ಕಣ್ಣು ತುಂಬಿ ಬಂತು. ಅದು ಆಮೇಲೂ ಬದುಕಿರಬೇಕೆಂದು ಆಜ್ಞೆಯಾಗಿತ್ತಲ್ಲ, ಮುಟ್ಟದೆ, ದೂರದಿಂದಲೇ ಕೈಮುಗಿದು ಬಂದೆ.

ಸೋಮವಾರ ಹುಣಸೂರಿನಲ್ಲಿ ಪ್ಲೇಟುಗಳನ್ನು ತೊಳೆದೆ. ಐದರಲ್ಲಿ ಎಲೆ, ಕಡ್ಡಿ, ಹೂವು ಎಲ್ಲವೂ ಚೆನ್ನಾಗಿ ಬಂದಿದ್ದವು, ಹುಳು ಇರಬೇಕಾದ ಕಡೆ ಹೊಗೆಯಂಥ ಗೀಟುಗಳಿದ್ದವು. ಆರನೆಯದರಲ್ಲಿ ಜೀರುಂಡೆ ಮುಳ್ಳುಮುಳ್ಳಾಗಿ, ಸ್ಪಷ್ಟವಾಗಿ ಕೂತಿತ್ತು. ಸುದ್ದಿ ಕೇಳಿದ ದೇವೀರಮ್ಮ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಾರನೆಯ ದಿನ ತಲೆಗೆ ಎರೆದುಕೊಂಡು, ಮದುವೆಯ ಸೀರೆ ಉಟ್ಟು, ಹಿತ್ತಲಿನಲ್ಲಿ ನಾನು ಹಾಕಿದ ಕುರ್ಚಿಯ ತುದಿಯಲ್ಲಿ ಕೂತಳು. ಧೈರ್ಯಕ್ಕಿರಲೆಂದು ಬಿಸಿಲಿನಲ್ಲಿ ಆಗಷ್ಟೇ ಅಚ್ಚು ಹಾಕಿದ ಜೀರುಂಡೆಯ ಚಿತ್ರವನ್ನು ಅವಳ ಮಡಿಲಲ್ಲಿ ಇಟ್ಟೆ. ‘ಅಲ್ಲಾಡಬೇಡ’ ಎಂದು ಮುಚ್ಚಳ ತೆಗೆದು ಎಣಿಸತೊಡಗಿದೆ.

ಒಂದು ಎನ್ನುವಾಗ ಅವಳು ಚಿತ್ರದ ಕಡೆ ಬಗ್ಗಿದಳು. ‘ಏನಂದ್ರೆ, ಇದು ಜೀರುಂಡೆ ಅಲ್ಲ ಕಣ್ರೀ. ಅದು ಬುಟ್ಟೋದ ಪೊರೆ. ಬೆನ್ನು ಸೀಳೋಗಿರೋದು ಕಾಣಾಕಿಲ್ವಾ? ಒಳಗಿದ್ದೋನು ಯಾವಾಗ್ಲೋ ಮರ ಅತ್ತವ್ನೆ’ ಎಂದಳು. ಕಾಡಂಚಿನಲ್ಲಿ ಬೆಳೆದವಳು, ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಹೇಳಿದವಳು ನಗಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ತಲೆ ಹಿಂದಕ್ಕೆ ಹಾಕಿ, ಕುರ್ಚಿ ಕಿರ್ರೆನ್ನುವ ಹಾಗೆ ನಕ್ಕಳು. ನಾನು ಪೆದ್ದನ ಹಾಗೆ ನಾಲ್ಕರವರೆಗೂ ಎಣಿಸಿ ಮುಚ್ಚಳ ಮುಚ್ಚಿದೆ.

ಅದೇ ಏಳನೆಯ ಪ್ಲೇಟು. ಕುರ್ಚಿ ಬಂದಿದೆ, ಸೀರೆಯ ಅಂಚು ಬಂದಿದೆ, ಮೊಣಕಾಲ ಮೇಲಿನ ಒಂದು ಕೈ ಬಂದಿದೆ. ಮುಖವಿರಬೇಕಾದ ಕಡೆ ಬರೀ ಮಂಜು. ಮೈಸೂರಿನಿಂದ ಹೊಸ ಪ್ಲೇಟು ಬರುವಷ್ಟರಲ್ಲಿ ಮಳೆ ಹಿಡಿಯಿತು, ಅವಳಿಗೆ ಚಳಿಜ್ವರ ಬಂತು. ಕೇಳಿದರೆ, ‘ವಾಸಿಯಾಗ್ಲಿ ಬುಡಿ, ಈ ಮುಖ ಯಾಕೆ?’ ಎಂದಳು. ವಾಸಿಯಾಗಲಿಲ್ಲ. ಆ ಜ್ವರವನ್ನು ತರುವುದು ಸೊಳ್ಳೆ ಎಂದು ಡಾಕ್ಟರು ಹೇಳಿದರು. ಹುಳುವನ್ನು ಹುಡುಕಿಕೊಂಡು ನಾನು ಪಿರಿಯಾಪಟ್ಟಣದ ಕಾಡಿಗೆ ಹೋದಾಗ ಅದು ನಮ್ಮ ಹಿತ್ತಲಿನ ನೀರಿನ ತೊಟ್ಟಿಯಲ್ಲೇ ಇತ್ತು.

ಫೋಟೋ ತೆಗೆದು ಮೂರೇ ತಿಂಗಳಿಗೆ ಹೀಗಾದದ್ದರಿಂದ ಊರಿನ ನಂಬಿಕೆಗೆ ನಾನೇ ಸಾಕ್ಷಿ ಒದಗಿಸಿದಂತಾಯಿತು. ಸಿದ್ದಪ್ಪ ಅಂದಿನಿಂದ ತನ್ನ ಮಕ್ಕಳನ್ನು ನನ್ನ ಅಂಗಡಿಯೊಳಗೆ ಬಿಡುವುದಿಲ್ಲ. ಅವಳು ಹೋದ ದಿನ ಜಗಲಿಯ ಮೇಲೆ ಯಾರೋ ಮೆಲ್ಲಗೆ, ‘ಒಂದು ಪಟ?’ ಎಂದರು. ನಾನು ಪೆಟ್ಟಿಗೆಯ ಬೀಗ ತೆಗೆಯಲಿಲ್ಲ. ಇವಳನ್ನು ಮಾತ್ರ ನನ್ನ ಗಿರಾಕಿ ಮಾಡಿಕೊಳ್ಳುವುದಿಲ್ಲ ಎಂದು ಹಟ ಹಿಡಿದೆ, ಅದನ್ನೇ ಪ್ರೀತಿ ಎಂದುಕೊಂಡೆ.

ಈಗ ಆರು ವರ್ಷವಾಯಿತು. ಆ ಮಂಜಿನ ಚಿತ್ರ ಗೋಡೆಯ ಮೇಲಿದೆ. ಅದನ್ನು ನೋಡಿದ ಸ್ಕೂಲು ಮೇಷ್ಟರೊಬ್ಬರು, ‘ಅಲ್ಲಾಡಿದ್ದೇ ಜೀವದ ಗುರುತು, ನೀವು ಜೀವವನ್ನೇ ಹಿಡಿದಿದ್ದೀರಿ’ ಎಂದರು. ಅವರ ಹೆಂಡತಿ ಮನೆಯಲ್ಲಿ ಕ್ಷೇಮವಾಗಿದ್ದಾರೆ. ನನಗೆ ಬೇಕಾದದ್ದು ಮೂಗು, ಹಣೆ, ಕಣ್ಣು. ಅವಳ ಕೆನ್ನೆಯ ಮೇಲೊಂದು ಮಚ್ಚೆ ಇತ್ತು. ಎಡಗಡೆಯೋ ಬಲಗಡೆಯೋ ನನಗೆ ನೆನಪಿಗೆ ಬರುತ್ತಿಲ್ಲ. ಜಗತ್ತನ್ನು ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ನೋಡುವ ಕಸುಬಿನವನು ನಾನು, ನನ್ನ ಕಣ್ಣನ್ನು ನಾನೇ ನಂಬುವಂತಿಲ್ಲ. ಮಕ್ಕಳಿದ್ದಿದ್ದರೆ ಅವರ ಮುಖದಲ್ಲಾದರೂ ಹುಡುಕಬಹುದಿತ್ತು.

ಆದ್ದರಿಂದ ಈಚೆಗೆ ಸಾವಿನ ಮನೆಯಿಂದ ಕರೆ ಬಂದರೆ ನಾನು ಗೊಣಗುವುದಿಲ್ಲ, ಮೊದಲಿನ ಹಾಗೆ ಅವಸರ ಮಾಡುವುದೂ ಇಲ್ಲ. ಹೋದ ತಿಂಗಳು ರಾವಂದೂರಿನ ಹತ್ತಿರ ಒಬ್ಬ ಮುದುಕನ ಹೆಂಡತಿ ತೀರಿಕೊಂಡಿದ್ದಳು. ಮುಖಕ್ಕೆ ಅರಿಶಿನ ದಪ್ಪಗೆ ಬಳಿದಿದ್ದರು. ನಾನು ಒದ್ದೆ ಬಟ್ಟೆ ತರಿಸಿ ಕೆನ್ನೆಯ ಹತ್ತಿರ ಮೆಲ್ಲಗೆ ಒರೆಸುತ್ತಾ ಕೂತೆ. ‘ಅದ್ಯಾಕೆ ಸ್ವಾಮಿ?’ ಎಂದ ಮುದುಕ. ‘ಮುಖ ಸರಿಯಾಗಿ ಬರಲಿ. ನಾಳೆ ನಿಮಗೇ ಮರೆತುಹೋಗುತ್ತದೆ’ ಎಂದೆ.

‘ನಲ್ವತ್ತೊರ್ಸ ಸಂಸಾರ ಮಾಡಿವ್ನಿ. ಇವಳ ಮುಖ ಮರೀತೀನಾ?’ ಎಂದ ಅವನು.

ನಾನೂ ಹಾಗೆಯೇ ಅಂದುಕೊಂಡಿದ್ದೆ.